ಹನುಮಮ್ಮನ ಹಿತ್ತಿಲ ಕಂಪನ

ಬಸ್ತಿಹಳ್ಳಿಯಲ್ಲಿ ಹನುಮಮ್ಮನ ಬಾಯಿಗೆ ಸಿಕ್ಕದೆ ಉಳಿದವರೆಂದರೆ ಬಸದಿಯೊಳಗೆ ನಿಂತಿರುವ ತೀರ್ಥಂಕರರು ಮಾತ್ರ ಎಂದು ಊರವರು ಹೇಳುತ್ತಿದ್ದರು. ಹಳೇಬೀಡು ನೋಡಿ ಅಲ್ಲಿಗೂ ಬರುವ ಪ್ರವಾಸಿಗರಂತೂ ಅವಳಿಗೆ ಹಬ್ಬದ ಊಟ. ಬಸದಿಯ ಕಪ್ಪುಕಂಬಗಳಲ್ಲಿ ಮುಖ ಕಾಣುತ್ತದಲ್ಲ, ಅದರಲ್ಲಿ ರೆಪ್ಪೆ ಬಡಿಯದೆ ನೋಡಿಕೊಂಡರೆ ತಲೆಗೂದಲು ನರೆಯುವುದಿಲ್ಲ ಎಂದು ಒಮ್ಮೆ ಪೇಟೆಯ ಹೆಂಗಸರ ಗುಂಪಿಗೆ ಹೇಳಿಬಿಟ್ಟಿದ್ದಳು. ಅವರು ಕಂಬಕ್ಕೊಬ್ಬರಂತೆ ಕಣ್ಣರಳಿಸಿ ನಿಂತರು. ಡ್ರೈವರ್ ಹಾರನ್ ಹೊಡೆದು ಹೊಡೆದು ಸುಸ್ತಾದ. ಹನುಮಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಅವಳು ಅಂಗನವಾಡಿಯಲ್ಲಿ ಸಹಾಯಕಿ. ಗಂಡ ಜವರಪ್ಪ ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತನಾದವನು. ಹೆಂಡತಿಯ ಪೂರ್ತಿ ತದ್ವಿರುದ್ಧ. ಆಡುವ ಒಂದೊಂದು ಮಾತಿಗೂ ಸ್ಟಾಂಪು ಹಚ್ಚಬೇಕೇನೋ ಎಂಬಷ್ಟು ಜಿಪುಣ. ಬೆಳಗ್ಗೆ ಎದ್ದು ಬುದ್ಧನ ಪಟದ ಮುಂದೆ ಒಂದು ಗಳಿಗೆ ಕೂರುತ್ತಿದ್ದ, ಪೇಪರ್ ಓದುತ್ತಿದ್ದ, ಆಮೇಲೆ ದಿನವಿಡೀ ಸುಮ್ಮನಿರುತ್ತಿದ್ದ. ಇಬ್ಬರಿಗೆ ಆಗುವಷ್ಟು ಮಾತನ್ನು ಒಬ್ಬಳೇ ಆಡಿಕೊಂಡು ಹನುಮಮ್ಮ ಸಂಸಾರ ತೂಗಿಸಿದ್ದಳು.

ಎರಡು ಸಾವಿರದ ಒಂದನೇ ಇಸವಿಯ ಗಣರಾಜ್ಯೋತ್ಸವದ ದಿನ ಗುಜರಾತಿನ ಕಚ್‌ನಲ್ಲಿ ಭೂಮಿ ಬಾಯಿಬಿಟ್ಟಿತು. ಟೀವಿಯಲ್ಲಿ ಕುಸಿದ ಮನೆಗಳನ್ನು ನೋಡಿ ಊರು ಮಂಕಾಗಿತ್ತು. ಅದಾಗಿ ಎರಡು ಮೂರು ದಿನಕ್ಕೆ ಬೆಂಗಳೂರು, ಮಂಡ್ಯದ ಕಡೆಯೂ ನೆಲ ಅದುರಿತೆಂಬ ಸುದ್ದಿ ಬಂತು. ಬಸ್ತಿಹಳ್ಳಿಯಲ್ಲೂ ಕೆಲವರು ತಮ್ಮ ಮನೆಯ ಪಾತ್ರೆ ಸದ್ದಾಯಿತೆಂದರು. ಅದು ಬೆಕ್ಕು ಎಂದು ಹನುಮಮ್ಮ ತೀರ್ಪು ಕೊಟ್ಟಳು.

ಯುಗಾದಿಗೆ ಮುಂಚೆ ಒಂದು ಜೀಪು ಬಂತು. ಅದರಿಂದ ಇಳಿದವಳು ಮೀನಾಕ್ಷಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಭೂಕಂಪದ ಅಧ್ಯಯನ ಮಾಡುವವಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ, ಹಾಗಾಗಿ ಮಾತಿಗೆ ತೊಡಕಿರಲಿಲ್ಲ. ಜೊತೆಗೆ ಡ್ರೈವರ್ ಕರಿಯಯ್ಯ. ದೊಡ್ಡ ಭೂಕಂಪ ಆದಮೇಲೆ ಭೂಮಿ ತಿಂಗಳುಗಟ್ಟಲೆ ಸಣ್ಣಗೆ ನಡುಗುತ್ತಲೇ ಇರುತ್ತದೆ, ಅದನ್ನು ಹಿಡಿಯಲು ಹತ್ತಾರು ಕಡೆ ತಾತ್ಕಾಲಿಕವಾಗಿ ಮಿಷಿನ್ ಇಡುತ್ತಿದ್ದೇವೆ ಎಂದು ಅವಳು ಪಂಚಾಯ್ತಿ ಕಟ್ಟೆಯಲ್ಲಿ ವಿವರಿಸಿದಳು. ಕಚ್‌ನ ಸುತ್ತ ಇಟ್ಟಾಗಿತ್ತು. ಇಲ್ಲಿಯ ಹಳೆಯ ಗಟ್ಟಿ ಬಂಡೆಗಳ ಮೇಲೂ ಕೆಲವನ್ನಿಟ್ಟರೆ ಅಲ್ಲಿಯ ನಡುಕ ಇಲ್ಲಿಗೆ ಹೇಗೆ ಮುಟ್ಟುತ್ತದೆ, ನಮ್ಮದೇ ನೆಲ ಎಲ್ಲಾದರೂ ಮಿಸುಕುತ್ತದೆಯೇ ಎಂದು ತಿಳಿಯುತ್ತದೆ. ಒಂದು ವರ್ಷದ ಮಾತು ಅಷ್ಟೆ.

"ಮಿಷಿನ್ ನಮ್ಮ ತೋಟದಲ್ಲೇ ಇಡಿ," ಎಂದು ಮೊದಲು ಮುಂದೆ ಬಂದವರು ಚನ್ನಬಸವಯ್ಯನವರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಊರಲ್ಲಿ ತೆಂಗಿನ ತೋಟ, ಮಠದಲ್ಲಿ ಮೊದಲ ಸಾಲಿನ ಗೌರವ ಇದ್ದವರು. ಊರಿಗೆ ಯಾವ ಹೊಸ ವಸ್ತು ಬಂದರೂ ಅದು ತಮ್ಮ ಹದ್ದಿನಲ್ಲಿರಬೇಕೆಂಬುದು ಅವರ ಲೆಕ್ಕ.

ಮೀನಾಕ್ಷಿ ತೋಟವನ್ನೆಲ್ಲ ಸುತ್ತಿ ತಲೆಯಾಡಿಸಿದಳು. "ಆಗಲ್ಲ ಸರ್. ತೆಂಗಿನ ಮರ ಗಾಳಿಗೆ ತೂಗಿದ್ರೆ ಬುಡದ ನೆಲನೂ ಅಲ್ಲಾಡುತ್ತೆ. ಮಿಷಿನ್‌ಗೆ ಅದೆಲ್ಲ ಗೊತ್ತಾಗುತ್ತೆ. ಜೊತೆಗೆ ಬೋರ್‌ವೆಲ್ ಬೇರೆ ಇದೆ."

ಸಾಹುಕಾರರ ಮುಖ ಒಣಕೊಬ್ಬರಿಯಾಯಿತು. ಗುಂಪಿನ ಹಿಂದಿನಿಂದ ಹನುಮಮ್ಮನ ದನಿ ಬಂತು: "ನೋಡ್ರಪ್ಪಾ, ಸಾವ್ಕಾರ್ರ ತೋಟ ಮೈಮುರಿದ್ರೆ ಭೂಮಿನೇ ನಡುಗ್ತದಂತೆ! ಇದಕ್ಕಿಂತ ದೊಡ್ಡಸ್ತಿಕೆ ಬೇಕಾ?" ಎಲ್ಲರೂ ನಕ್ಕರು. ನಗಬೇಕೋ ಬೇಡವೋ ತಿಳಿಯದೆ ಚನ್ನಬಸವಯ್ಯನವರು ಮೀಸೆ ಸವರಿಕೊಂಡರು.

ಕೊನೆಗೆ ಮೀನಾಕ್ಷಿಯ ಕಣ್ಣಿಗೆ ಬಿದ್ದದ್ದು ಊರಿನ ಅಂಚಿನಲ್ಲಿದ್ದ ಜವರಪ್ಪನ ಮನೆಯ ಹಿತ್ತಿಲು. ಅಲ್ಲಿ ನೆಲದೊಳಗಿಂದ ಆನೆಯ ಬೆನ್ನಿನಂತೆ ಎದ್ದ ಒಂದು ದೊಡ್ಡ ಹಾಸುಬಂಡೆ. ಹನುಮಮ್ಮ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಮೀನಾಕ್ಷಿ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, "ಇದೇ ಸಾಕು," ಎಂದಳು.

ಬಂಡೆಯ ಒಂದು ಮೂಲೆಯಲ್ಲಿ ಸಿಮೆಂಟು ಮೆತ್ತಿ ಸಮತಟ್ಟು ಮಾಡಿ, ತುಪ್ಪದ ಡಬ್ಬದಂಥ ಲೋಹದ ಯಂತ್ರವನ್ನು ಉತ್ತರಕ್ಕೆ ಮುಖಮಾಡಿ ಕೂರಿಸಿದರು. ಬಿಸಿಲು ಗಾಳಿ ತಾಗದಂತೆ ಥರ್ಮೋಕೋಲ್ ಸುತ್ತಿ ಮೇಲೆ ಡ್ರಮ್ಮು ಬೋರಲು ಹಾಕಿದರು. ಪಕ್ಕದಲ್ಲಿ ಬ್ಯಾಟರಿ, ಸೋಲಾರ್ ಹಲಗೆ, ಸುತ್ತ ಮುಳ್ಳುಬೇಲಿ. ಕಾವಲಿಗೆ ಹನುಮಮ್ಮನನ್ನೇ ನೇಮಿಸಿದರು. ಮೀನಾಕ್ಷಿ ಅವಳಿಗೆ ನಿಯಮ ಹೇಳಿದಳು: ಹತ್ತಿರ ದನ ಕಟ್ಟಬಾರದು, ಒನಕೆ ಹಿಡಿಯಬಾರದು, ಬಂಡೆಯ ಮೇಲೆ ಯಾರೂ ಓಡಾಡಬಾರದು.

"ನೀವು ನಿಶ್ಚಿಂತೆಯಾಗಿರಿ ಮೇಡಮ್ನೋರೆ," ಎಂದಳು ಹನುಮಮ್ಮ. "ನನ್ನ ಕಣ್ಣು ತಪ್ಪಿಸಿ ಇರುವೆನೂ ಹತ್ತಾಕಿಲ್ಲ."

ಅಲ್ಲಿಂದ ಶುರುವಾಯಿತು ಅವಳ ದರ್ಬಾರು. ಯಂತ್ರ ಹಿಡಿಯುವುದು ನೆಲದ ನಡುಕವನ್ನು ಮಾತ್ರ ಎಂದು ಮೀನಾಕ್ಷಿ ಹೇಳಿದ್ದಳು. ಆದರೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಅವಳು ಹನುಮಮ್ಮ ಹೇಗಾದಾಳು? ಸುಳ್ಳು ಹೇಳಿದವರ ಎದೆ ಹೊಡೆದುಕೊಳ್ಳುತ್ತದೆ, ಆ ಬಡಿತ ಕಾಲಿನಿಂದ ನೆಲಕ್ಕಿಳಿಯುತ್ತದೆ, ಮಿಷಿನ್ನು ಬರೆದುಕೊಳ್ಳುತ್ತದೆ ಎಂದು ಊರಿಗೆ ಹಬ್ಬಿಸಿದಳು. ಹಾಲಿನ ಡೇರಿಯ ದೇವೀರಪ್ಪನನ್ನು ಬೇಲಿಯ ಬಳಿ ನಿಲ್ಲಿಸಿ, "ಈಗ ಹೇಳಣ್ಣ, ಹಾಲಿಗೆ ನೀರು ಹಾಕಿಲ್ವಾ?" ಎಂದು ಕೇಳಿದಳು. ಅವನು ಸೈಕಲ್ ತಿರುಗಿಸಿದ. ಆ ವಾರ ಊರಿನ ಹಾಲು ಗಟ್ಟಿಯಾಗಿತ್ತು.

ತಿಂಗಳಿಗೊಮ್ಮೆ ಮೀನಾಕ್ಷಿ ಬಂದು ಯಂತ್ರ ಬರೆದಿಟ್ಟದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೋಗುವಳು. ಎರಡನೆಯ ಸಲ ಬಂದಾಗ ಅವಳ ಹುಬ್ಬು ಗಂಟಾಯಿತು.

"ಹನುಮಮ್ಮ, ಮಧ್ಯಾಹ್ನ ಇಲ್ಲಿಗೆ ಯಾರು ಬರ್ತಾರೆ?"

"ಯಾರೂ ಇಲ್ಲ ಮೇಡಮ್ನೋರೆ. ನಾನು ಅಂಗನವಾಡೀಲಿರ್ತೀನಿ, ನಮ್ಮ ಯಜಮಾನ್ರು ಮನೇಲಿರ್ತಾರೆ. ಅವರು ಇದ್ರೂ ಒಂದೇ, ಕಂಬ ಇದ್ರೂ ಒಂದೇ."

ಮೀನಾಕ್ಷಿ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದಳು. ಅಡ್ಡಗೆರೆಯ ಮೇಲೆ ಮುಳ್ಳಿನಂತೆ ಎದ್ದ ಗೀರುಗಳು. "ನೋಡಿ, ಹೆಚ್ಚುಕಡಿಮೆ ದಿನಾ ಇದೆ. ಮನುಷ್ಯ ನಡೆದ್ರೆ ಹೀಗೆ ಬರಲ್ಲ, ದನ ಆದ್ರೂ ಬರಲ್ಲ. ಟಪ್, ಟಪ್, ಟಪ್ ಅಂತ ಒಂದೇ ಕಾಲು ಬಿದ್ದ ಹಾಗಿದೆ. ಆಮೇಲೆ ಒಂದು ಜೋರು ಪೆಟ್ಟು, ಆಮೇಲೆ ಮತ್ತೆ ಒಂಟಿಕಾಲು. ಏನಿದು?"

ಹನುಮಮ್ಮನ ಕಿವಿ ನೆಟ್ಟಗಾಯಿತು. ಅವಳಿಗೂ ತಿಳಿಯಲಿಲ್ಲ. ಆದರೆ ತಿಳಿಯದ್ದನ್ನು ದಂಡ ಮಾಡುವ ಜಾಯಮಾನ ಅವಳದಲ್ಲ. ಸಂಜೆಯ ಹೊತ್ತಿಗೆ ಬಸ್ತಿಹಳ್ಳಿಯಲ್ಲಿ ಒಂಟಿಕಾಲಿನ ದೆವ್ವ ಹುಟ್ಟಿತ್ತು. ಅದು ನಡುಹಗಲಲ್ಲೇ ಬರುತ್ತದೆ, ಬೆಂಗಳೂರಿನ ಮೇಡಂ ಕಂಪ್ಯೂಟರಿನಲ್ಲಿ ಅದರ ಹೆಜ್ಜೆ ತೋರಿಸಿದಳು ಎಂದಮೇಲೆ ನಂಬದೆ ಇರುವುದು ಹೇಗೆ? ಜನ ಆ ಕಡೆ ಹಾಯುವುದನ್ನೇ ಬಿಟ್ಟರು. ಅದರಿಂದ ಬಂಡೆಯ ಸುತ್ತ ಇನ್ನಷ್ಟು ನಿಶ್ಶಬ್ದವಾಯಿತು. ಆದರೂ ಮುಂದಿನ ಸಲ ಮೀನಾಕ್ಷಿ ಬಂದಾಗ ಒಂಟಿಕಾಲು ಹಾಗೇ ಇತ್ತು. ಸಾಲದ್ದಕ್ಕೆ ಅವಳು ಇನ್ನೊಂದು ವಿಷಯ ಹೇಳಿದಳು: "ಒಬ್ಬರಲ್ಲ, ಇಬ್ಬರಿದ್ದಾರೆ. ಒಬ್ಬರ ಪೆಟ್ಟು ಹಗುರ, ಇನ್ನೊಬ್ಬರದು ಭಾರ."

ತಾನೇ ಹುಟ್ಟಿಸಿದ ದೆವ್ವ ಜೋಡಿಯಾದಾಗ ಹನುಮಮ್ಮನಿಗೂ ಎದೆ ಸ್ವಲ್ಪ ಹಾರಿತು. ಮರುದಿನ ಮಕ್ಕಳಿಗೆ ಉಪ್ಪಿಟ್ಟು ಕೊಟ್ಟವಳೇ ಟೀಚರಿಗೆ ಹಲ್ಲುನೋವೆಂದು ಹೇಳಿ, ಹಿಂದಿನ ಹಾದಿಯಿಂದ ಬಂದು ಹುಲ್ಲಿನ ಬಣವೆಯ ಮರೆಯಲ್ಲಿ ಕೂತಳು.

ಮೊದಲು ಜವರಪ್ಪ ಹೊರಗೆ ಬಂದ. ಆಚೆಈಚೆ ನೋಡಿದ. ಸೊಂಟದಿಂದ ಇದ್ದಿಲಿನ ಚೂರು ತೆಗೆದು ಬಂಡೆಯ ಮೇಲೆ ಮನೆ ಮನೆಯಾಗಿ ಗೆರೆ ಎಳೆಯತೊಡಗಿದ. ಸ್ವಲ್ಪ ಹೊತ್ತಿಗೆ ಹಿತ್ತಿಲ ಬೇಲಿಯ ಸಂದಿನಿಂದ ತಲೆಗೆ ಟವೆಲು ಮುಸುಕು ಹಾಕಿಕೊಂಡ ಒಂದು ಭಾರೀ ಆಕೃತಿ ನುಸುಳಿತು. ಮುಸುಕು ಸರಿಯಿತು. ಚನ್ನಬಸವಯ್ಯನವರು!

ಸಾಹುಕಾರರು ಚಪ್ಪಲಿ ಬಿಟ್ಟರು, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದರು, ಚಪ್ಪಟೆ ಕಲ್ಲೊಂದನ್ನು ಹಣೆಗೊತ್ತಿಕೊಂಡು ಮೊದಲ ಮನೆಗೆ ಎಸೆದರು. ಆಮೇಲೆ ಒಂಟಿಕಾಲಲ್ಲಿ ಟಪ್, ಟಪ್, ಟಪ್ ಎಂದು ಕುಪ್ಪಳಿಸಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕಾವಲುಗಾರ್ತಿಯ ಗಂಡನೇ ಕುಂಟೆಬಿಲ್ಲೆಯ ಅಂಕಣ ತೆರೆದಿದ್ದ.

ಅಷ್ಟಕ್ಕೇ ಹನುಮಮ್ಮ ಎದ್ದುಬಿಡುತ್ತಿದ್ದಳು. ಆದರೆ ಆಗ ಜವರಪ್ಪನ ಬಾಯಿಂದ ಬಂದ ಮಾತು ಅವಳನ್ನು ಮತ್ತೆ ಕೂರಿಸಿತು.

"ಲೋ ಚನ್ನ, ಗೆರೆ ತುಳಿದೆ ಕಣ್ಲಾ! ಔಟು!"

"ಎಲ್ಲಿ ತುಳಿದ್ನೋ ಜವರ? ಮೋಸ ಮಾಡ್ಬೇಡ. ಹುಡುಗನಾಗಿದ್ದಾಗ್ಲೂ ಹಿಂಗೇ ಮಾಡ್ತಿದ್ದೆ."

"ನಿನ್ನ ಪಾದ ಎರಡು ಮನೆ ತುಂಬಾ ಐತೆ, ತುಳೀದೆ ಇರ್ತೀಯಾ?"

ಮದುವೆಯಾದಾಗಿನಿಂದ ಗಂಡ ಇಷ್ಟು ಉದ್ದದ ಮಾತಾಡಿದ್ದನ್ನು ಹನುಮಮ್ಮ ಕೇಳಿರಲಿಲ್ಲ. ಅದೂ ಸಾಹುಕಾರರನ್ನು ಏಕವಚನದಲ್ಲಿ! ಊರ ಮುಂದೆ ಇದೇ ಜವರಪ್ಪ ಅವರ ಎದುರು ಟವೆಲು ಹೆಗಲಿನಿಂದ ಇಳಿಸುತ್ತಿದ್ದ. ಇಷ್ಟು ವರ್ಷ ಅವರ ಮನೆಯ ಕಾಗದಗಳನ್ನು ಹೊರಜಗಲಿಯ ಮೇಲಿಟ್ಟು, ಕೂಗಿ ಹೇಳಿ, ಹೊಸ್ತಿಲು ಮುಟ್ಟದೆ ತಿರುಗಿ ಬಂದವನು.

ರಾತ್ರಿ ಊಟಕ್ಕೆ ಕೂತಾಗ ಅವಳು ಮೆಲ್ಲಗೆ, "ರೀ, ಕಾಲು ನೋವು ಹೆಂಗೈತೆ?" ಎಂದಳು. ಜವರಪ್ಪ ತುತ್ತನ್ನು ತಟ್ಟೆಗೇ ಇಳಿಸಿದ. ನೀರು ಕುಡಿದು, ಎಲ್ಲವನ್ನೂ ಹೇಳಿದ. ಮೂರನೇ ಕ್ಲಾಸಿನಲ್ಲಿ ಇಬ್ಬರೂ ಒಟ್ಟಿಗೆ ಓದುತ್ತಿದ್ದಾಗ ಚನ್ನಬಸವ ಕದ್ದು ಬಂದು ಈ ಬಂಡೆಯ ಮೇಲೆ ಆಡುತ್ತಿದ್ದನಂತೆ. ಒಂದು ದಿನ ಅವರಪ್ಪ ನೋಡಿದರು, ಹುಣಿಸೆ ಬರಲಿನಲ್ಲಿ ಬಾರಿಸಿದರು, ಆ ವರ್ಷವೇ ಮಠದ ಹಾಸ್ಟೆಲಿಗೆ ಸೇರಿಸಿದರು. ಆಮೇಲೆ ಇಬ್ಬರೂ ದೊಡ್ಡವರಾದರು. ಒಬ್ಬ ಸಾಹುಕಾರ, ಒಬ್ಬ ಪೋಸ್ಟ್‌ಮ್ಯಾನ್. ಮಿಷಿನ್ ಇಟ್ಟ ಹೊಸದರಲ್ಲಿ ಅದನ್ನು ನೋಡುವ ನೆಪದಲ್ಲಿ ಬಂದವರು ಬಂಡೆಯ ಮೇಲೆ ನಿಂತು, "ಜವರ, ಗ್ಯಾಪಕ ಐತಾ?" ಅಂದರಂತೆ. ಯಾರೂ ಬರಕೂಡದೆಂದು ನಿಯಮವಿದ್ದ ಜಾಗ, ಮೇಲೆ ದೆವ್ವದ ಭಯ. ಇದಕ್ಕಿಂತ ಒಳ್ಳೆಯ ಮರೆ ಊರಲ್ಲಿ ಎಲ್ಲಿ ಸಿಕ್ಕೀತು?

"ಅವಂಗೆ ಸಕ್ಕರೆ ಕಾಯಿಲೆ. ಡಾಕ್ಟ್ರು ಮೈ ಬಗ್ಗಿಸು ಅಂದವ್ರಂತೆ," ಎಂದು ಕೊನೆಗೆ ಸೇರಿಸಿದ ಜವರಪ್ಪ. "ಮೇಡಮ್ನೋರ್ಗೆ ಹೇಳ್ಬೇಡ."

ಹನುಮಮ್ಮ ಸುಮ್ಮನಿದ್ದಳು. ಅವಳು ಸುಮ್ಮನಿದ್ದಾಳೆಂದರೆ ಏನೋ ಬೇಯುತ್ತಿದೆ ಎಂದರ್ಥ. ಬಂಡೆಯ ಮೇಲೆ ಆಟ ಮುಂದುವರಿಯುವಂತಿಲ್ಲ, ಅದು ಮಾತು ಕೊಟ್ಟ ಕೆಲಸ. ಆಟ ನಿಲ್ಲಿಸಿದರೆ ಗಂಡ ಮತ್ತೆ ಕಂಬವಾಗುತ್ತಾನೆ. ಇಷ್ಟು ದಿನಕ್ಕೆ ಮಾತು ಬಂದ ಕಂಬವನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಹೀಗಾಗಿ ಬೆಳಗ್ಗೆಯೇ ಸಾಹುಕಾರರ ಹೆಂಡತಿ ಬಸಮ್ಮ ಹೂ ಕೊಯ್ಯುತ್ತಿದ್ದ ಕಡೆಗೆ ಹೋದಳು.

"ಬಸಮ್ಮೋರೆ, ಹೇಳಬಾರ್ದು. ಆದ್ರೂ ಹೊಟ್ಟೇಲಿಟ್ಕಳಕ್ಕೆ ಆಗ್ತಿಲ್ಲ. ನಿಮ್ಮ ಯಜಮಾನ್ರು ದಿನಾ ಮಧ್ಯಾಹ್ನ ನಮ್ಮ ಹಿತ್ಲಿಗೆ ಬತ್ತಾರೆ."

"ನಿಮ್ಮ ಹಿತ್ಲಿಗೆ? ಯಾಕೆ?"

"ಕುಣಿಯಕ್ಕೆ."

ಬಸಮ್ಮನ ಕೈಯ ಹೂಬುಟ್ಟಿ ವಾಲಿತು. "ಯಾರ ಜೊತೆಗೆ?"

"ಅದನ್ನ ನಾನೆಂಗೆ ಬಾಯಿಬಿಟ್ಟು ಹೇಳಲಿ? ಹಳೇ ಪ್ರೀತಿ ಅಂತೆ. ಮಿಷಿನ್ನೇ ಹಿಡಿದೈತೆ. ಮಧ್ಯಾಹ್ನ ನೀವೇ ಬಂದು ನೋಡಿ."

ಬಸಮ್ಮ ಬಂದರು. ಕೈಯಲ್ಲಿ ಕೊಡೆ ಇತ್ತು. ಅದು ಬಿಸಿಲಿಗಲ್ಲ ಎಂಬುದು ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಹನುಮಮ್ಮ ಅವರನ್ನು ಬಣವೆಯ ಹಿಂದಿನಿಂದ ನೇರ ಬಂಡೆಯ ಮುಂದಕ್ಕೆ ಕರೆತಂದು ನಿಲ್ಲಿಸಿದಳು. ಚನ್ನಬಸವಯ್ಯನವರು ಆ ಹೊತ್ತಿಗೆ ಒಂದು ಕಾಲೆತ್ತಿ, ಎರಡೂ ಕೈ ರೆಕ್ಕೆಯಂತೆ ಚಾಚಿ, ನಾಲ್ಕನೇ ಮನೆಯಲ್ಲಿ ಕೊಕ್ಕರೆಯಾಗಿದ್ದರು. ಹೆಂಡತಿಯನ್ನು ಕಂಡವರೇ ಕಾಲಿಳಿಸುವುದನ್ನೂ ಮರೆತರು.

ಬಸಮ್ಮ ಸುತ್ತ ನೋಡಿದರು. ಹೆಂಗಸೆಂಬ ಹೆಂಗಸು ಯಾರೂ ಇರಲಿಲ್ಲ. ಜವರಪ್ಪ ಇದ್ದಿಲು ಹಿಡಿದು ನಿಂತಿದ್ದ.

"ಅಲ್ರೀ," ಎಂದರು ಬಸಮ್ಮ, ಒಂದೊಂದೇ ಅಕ್ಷರ ಜಗಿದು. "ಮೊಣಕಾಲು ನೋವು, ಪೂಜೆಗೆ ಕೂರಕ್ಕಾಗಲ್ಲ ಅಂತ ಮೂರು ತಿಂಗಳಿಂದ ಖುರ್ಚಿ ಹಾಕಿಸ್ಕೊಂಡು ಕೂತಿದ್ದೀರಲ್ಲ!"

ಸಾಹುಕಾರರು ಕಾಲಿಳಿಸಿದರು. ಹನುಮಮ್ಮ ತಡೆಯಲಾರದೆ ಬಣವೆಗೆ ಒರಗಿ ನಕ್ಕಳು. ಕೊಡೆಯ ತುದಿ ಅವಳ ಕಡೆ ತಿರುಗಿತು. "ನೀನು ಹೇಳಿದ ಹಳೇ ಪ್ರೀತಿ ಇದೇನೇ?"

"ಸುಳ್ಳಾ ಬಸಮ್ಮೋರೆ? ಮೂರನೇ ಕ್ಲಾಸಿಂದ ಐತಂತೆ." ನಗು ಒರೆಸಿಕೊಂಡು ಅವಳು ಸೊಂಟಕ್ಕೆ ಕೈಯಿಟ್ಟಳು. "ಈಗ ಕೇಳಿ ಸಾವ್ಕಾರ್ರೇ. ಇಲ್ಲಿ ಕುಣಿದ್ರೆ ಮಿಷಿನ್ನು ಕೆಡ್ತದೆ. ಗುಜರಾತಿನ ನಡುಕ ಯಾವುದು, ನಿಮ್ಮದು ಯಾವುದು ಅಂತ ಮೇಡಮ್ನೋರ್ಗೆ ಗೊತ್ತಾಗ್ತಿಲ್ಲ. ಇನ್ಮೇಲೆ ಇಲ್ಲಿ ಆಡಂಗಿಲ್ಲ. ನಿಮ್ಮ ಒಳಂಗಳ ಇದಕ್ಕಿಂತ ದೊಡ್ಡದೈತೆ. ಅಲ್ಲಿ ಆಡ್ಕಳಿ."

ಆ ಮಾತು ಬಿದ್ದಮೇಲೆ ಯಾರೂ ನಗಲಿಲ್ಲ. ಜವರಪ್ಪ ಇದ್ದಿಲನ್ನೇ ನೋಡುತ್ತಿದ್ದ. ಆ ಅಂಗಳ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ, ಒಳಗೆ ಹೋದವನೇ ಅಲ್ಲ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಹನುಮಮ್ಮ ಬೇಕೆಂದೇ ಹೇಳಿದ್ದಾಳೆಂಬುದೂ ಗೊತ್ತಿತ್ತು. ಅವಳು ಮಾತ್ರ ಏನೂ ಅರಿಯದವಳಂತೆ ಮುಳ್ಳುಬೇಲಿ ಸರಿಮಾಡುತ್ತ ನಿಂತಳು.

ಮೊದಲು ಬಾಯಿಬಿಟ್ಟವರು ಬಸಮ್ಮ. "ಆಡ್ಲಿ ಬಿಡು. ಅಲ್ಲಿ ನೆರಳಾದ್ರೂ ಇದೆ. ಈ ವಯಸ್ಸಲ್ಲಿ ಬಿದ್ರೆ ಎತ್ತಕ್ಕೆ ಜನಾನೂ ಇದ್ದಾರೆ."

ಚನ್ನಬಸವಯ್ಯನವರು ಪಂಚೆ ಇಳಿಸಿಕೊಂಡರು. ಟವೆಲನ್ನು ತಲೆಗೆ ಹಾಕಿಕೊಳ್ಳಲು ಹೋದವರು ಅದೇನನ್ನಿಸಿತೋ ಹೆಗಲ ಮೇಲೆ ಹಾಕಿಕೊಂಡರು. ಹೊರಡುವಾಗ ಇಬ್ಬರು ಹೆಂಗಸರ ಎದುರಿಗೇ, "ಜವರ, ನಾಳೆ ಮನೆಗೆ ಬಾರೋ," ಎಂದರು.

ಜವರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ದೊಡ್ಡ ಮನೆಯ ಅಂಗಳದಲ್ಲಿ ಗೆರೆ ಬಿತ್ತು. ಸುದ್ದಿ ಕೇಳಿ ಸಾಹುಕಾರರ ನಂಟರೊಬ್ಬರು ಅರಸೀಕೆರೆಯಿಂದಲೇ ಬಂದು ಇದೇನು ಹೊಸ ಪದ್ಧತಿ ಎಂದು ಮುಖ ಗಂಟಿಕ್ಕಿದರು. "ಡಾಕ್ಟ್ರು ಬರೆದುಕೊಟ್ಟ ಔಷಧಿ. ಒಬ್ಬನೇ ತಗೊಂಡ್ರೆ ಕೆಲಸ ಮಾಡಲ್ವಂತೆ," ಎಂದು ಚನ್ನಬಸವಯ್ಯನವರು ಕುಪ್ಪಳಿಸುತ್ತಲೇ ಉತ್ತರ ಕೊಟ್ಟರು. ನಂಟರು ಕಾಫಿ ಕುಡಿಯದೆ ಹೋದರು. ಭಾನುವಾರ ಹನುಮಮ್ಮನೂ ಸೆರಗು ಬಿಗಿದು ಆಟಕ್ಕಿಳಿದು, ಗಂಡಸರಿಬ್ಬರನ್ನೂ ಸೋಲಿಸಿದಳು. ಬಸಮ್ಮ ನಾಲ್ಕು ಸ್ಟೀಲ್ ಲೋಟದಲ್ಲಿ ಕಾಫಿ ತಂದರು. ಕುಡಿದಾದಮೇಲೆ ತನ್ನ ಲೋಟ ಎಲ್ಲಿಗೆ ಹೋಗುತ್ತದೆಂದು ಹನುಮಮ್ಮ ಓರೆಗಣ್ಣಲ್ಲಿ ನೋಡುತ್ತಿದ್ದಳು. ಬಸಮ್ಮ ನಾಲ್ಕನ್ನೂ ಒಂದರೊಳಗೊಂದು ಸೇರಿಸಿ ಅಡುಗೆಮನೆಗೆ ಒಯ್ದರು. ಅದರ ಬಗ್ಗೆ ಹನುಮಮ್ಮ ಯಾರ ಹತ್ತಿರವೂ ಒಂದು ಚೇಷ್ಟೆ ಮಾತೂ ಆಡಲಿಲ್ಲ.

ಮೀನಾಕ್ಷಿ ಬಂದಾಗ ಹನುಮಮ್ಮ ಮುಚ್ಚುಮರೆ ಮಾಡದೆ, "ದೆವ್ವಗಳು ಸಿಕ್ಕವು ಮೇಡಮ್ನೋರೆ, ಎತ್ತಂಗಡಿ ಮಾಡಿಸ್ದೆ," ಎಂದು ಎಲ್ಲ ಹೇಳಿದಳು. ಮೀನಾಕ್ಷಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಪರದೆಯ ಮೇಲೆ ಇನ್ನೊಂದು ಗೆರೆ ತೋರಿಸಿದಳು. ಸಮನಾಗಿ ಸಾಗಿದ್ದ ಗೆರೆ ಒಂದು ಕಡೆ ಸಣ್ಣಗೆ ಕಂಪಿಸಿ, ಮೆಲ್ಲಗೆ ಅಲೆಯಾಗಿ, ಬಹಳ ಹೊತ್ತು ತೂಗಿ ಅಡಗಿತ್ತು.

"ಇದು ಕಚ್‌ನಿಂದ ಬಂದದ್ದು. ಹೋದ ವಾರ ಅಲ್ಲಿ ಮತ್ತೆ ನಡುಗಿತು."

"ಅಷ್ಟು ದೂರದ್ದು ನಮ್ಮ ಬಂಡೆಗೆ ಬಂತಾ? ಇನ್ನೂ ನಿಂತಿಲ್ವಾ ಅಲ್ಲಿ?"

"ಇಲ್ಲ. ಜನ ಇನ್ನೂ ಬಯಲಲ್ಲೇ ಮಲಗ್ತಾರೆ. ಗೋಡೆ ಕಂಡ್ರೆ ಭಯ."

ಹನುಮಮ್ಮ ಆ ಗೆರೆಯ ಮೇಲೆ ಬೆರಳಿಟ್ಟು ಕೂತಳು. ಆವತ್ತಿನಿಂದ ಅವಳ ಕಾವಲಿನಲ್ಲಿ ಆಟವಿರಲಿಲ್ಲ. ಬಂಡೆಯತ್ತ ಹೋದ ಕೋಳಿಯನ್ನೂ ಪಿಸುಮಾತಿನಲ್ಲಿ ಬೈದು ಓಡಿಸುತ್ತಿದ್ದಳು.

ವರ್ಷ ತುಂಬಿ ಯಂತ್ರ ಎತ್ತುವ ದಿನ ಊರೇ ಹಿತ್ತಿಲಲ್ಲಿ ಸೇರಿತ್ತು. ಬಸಮ್ಮ ಒಬ್ಬಟ್ಟು ತಂದಿದ್ದರು. ಕರಿಯಯ್ಯ ಎಷ್ಟು ತಿಂದನೆಂದರೆ ಬಗ್ಗಿ ಬ್ಯಾಟರಿ ಎತ್ತಲಾರದೆ ಹೋದ. ಮೀನಾಕ್ಷಿ ತಂತಿ ಬಿಚ್ಚಲು ಹೋದಾಗ ಹನುಮಮ್ಮ ಅಡ್ಡಬಂದಳು.

"ಒಂದು ಗಳಿಗೆ ತಡೀರಿ. ಒಂದು ವರ್ಷ ಈ ಊರು ಕಳ್ಳಹೆಜ್ಜೆ ಹಾಕೈತೆ. ಹೆಂಗೂ ಕೀಳ್ತೀರಲ್ಲ, ಒಂದ್ಸಲ ಎಲ್ರೂ ಒಟ್ಟಿಗೆ ನೆಗೀತೀವಿ. ಬಸ್ತಿಹಳ್ಳಿ ಅಂದ್ರೆ ಎಷ್ಟು ತೂಕ ಅಂತ ಅದಕ್ಕೂ ಗೊತ್ತಾಗ್ಲಿ."

ಮೀನಾಕ್ಷಿ ಯೋಚಿಸುವಂತೆ ನಟಿಸಿ ಒಪ್ಪಿ, ಕಂಪ್ಯೂಟರನ್ನು ಯಂತ್ರಕ್ಕೆ ಜೋಡಿಸಿದಳು. ಹನುಮಮ್ಮ ಎಣಿಸಿದಳು. ಬಂಡೆಯ ಮೇಲೂ ಕೆಳಗೂ ನಿಂತ ಜನ, ಸಾಹುಕಾರರು, ಬಸಮ್ಮ, ದೇವೀರಪ್ಪ, ಕಂಬವೆನಿಸಿಕೊಂಡಿದ್ದ ಜವರಪ್ಪ, ಎಲ್ಲರೂ ಹೋ ಎಂದು ಒಮ್ಮೆಲೇ ನೆಗೆದು ಬಿದ್ದರು. ಪರದೆಯ ಗೆರೆ ಮೇಲಕ್ಕೂ ಕೆಳಕ್ಕೂ ಹಾರಿ ಚೌಕಟ್ಟು ಬಿಟ್ಟು ಹೋಯಿತು. ಜನ ಕೇಕೆ ಹಾಕಿದರು. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೂಗಿದವರು ಬಸಮ್ಮ.

ಅದಾದಮೇಲೂ ಜೀಪು ಹನುಮಮ್ಮನನ್ನು ಬಿಡಲಿಲ್ಲ. ಮೀನಾಕ್ಷಿ ಆ ಸುತ್ತಿನಲ್ಲಿ ಎಲ್ಲಿ ಯಂತ್ರ ಇಡಬೇಕಾದರೂ ಜನರನ್ನು ಒಪ್ಪಿಸಲು ಅವಳನ್ನು ಕರೆಯುತ್ತಿದ್ದಳು. ಅವಳು ಅಂಗನವಾಡಿಗೆ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತು ಹೊರಡುತ್ತಿದ್ದಳು. ಒಮ್ಮೆ ಮಾಲೇಕಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಸುಮಿತ್ರಮ್ಮ ಎಂಬ ಹೆಂಗಸು ಏನು ಮಾಡಿದರೂ ಜಾಗ ಕೊಡಲೊಲ್ಲೆ ಎಂದು ಬಾಗಿಲಲ್ಲೇ ನಿಂತಳು. ಮಿಷಿನ್ ಇಟ್ಟರೆ ಭೂಕಂಪವನ್ನು ಕರೆದ ಹಾಗಾಗುತ್ತದೆ ಎಂಬುದು ಅವಳ ಹೆದರಿಕೆ. ಬರೀ ಒಂದು ವರ್ಷ ಎಂದು ಮೀನಾಕ್ಷಿ ಹೇಳಿ ಸೋತಳು. ಮನೆಯೊಳಗಿನಿಂದ ಅತ್ತೆಯ ದನಿ ಕೇಳುತ್ತಲೇ ಇತ್ತು: ಬಾಗಿಲಲ್ಲಿ ಯಾರೇ, ಹಾಲು ಉಕ್ಕಿತೇನೇ, ಕಿವಿ ಕೇಳಲ್ವೇನೇ.

ಹನುಮಮ್ಮ ಜೀಪಿನಿಂದಿಳಿದು ಸುಮಿತ್ರಮ್ಮನ ಕಿವಿಯ ಹತ್ತಿರ ಬಾಗಿದಳು. "ಇದು ಬಲು ಸೂಕ್ಷ್ಮದ ಮಿಷಿನ್ನು ಕಣವ್ವ. ಇಟ್ಕಂಡ್ರೆ ಆ ಮನೇಲಿ ಯಾರೂ ಗಟ್ಟಿಯಾಗಿ ಮಾತಾಡಂಗಿಲ್ಲ. ಸರ್ಕಾರದ ರೂಲ್ಸು."

ಮೀನಾಕ್ಷಿ ಬೇರೆ ಕಡೆ ತಿರುಗಿ ಬೆಟ್ಟ ನೋಡತೊಡಗಿದಳು.

ಸುಮಿತ್ರಮ್ಮ ಒಮ್ಮೆ ಒಳಗೆ ನೋಡಿದಳು, ಒಮ್ಮೆ ಜೀಪಿನ ಕಡೆ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದು ನಿಂತು, "ಒಂದೇ ವರ್ಷನಾ ಇಡೋದು?" ಎಂದು ಕೇಳಿದಳು.